ಕರೆದದ್ದು ತೋಟಕ್ಕೆ, ಬಂದದ್ದು ಮನೆಗೆ

ಅಮೆರಿಕದ ಪೂರ್ವ ಭಾಗದಲ್ಲಿ ಅಕ್ಟೋಬರ್ ಬಂತೆಂದರೆ ಒಂದು ದಿನವನ್ನು ಜನ ಕಾದು ಕೂರುತ್ತಾರೆ. ಎರಡು ಮೂರು ರಾತ್ರಿ ಚಳಿ ಚೆನ್ನಾಗಿ ಕಚ್ಚಿದ ಮೇಲೆ ಆಕಾಶ ತಿಳಿಯಾಗಿ, ಬಿಸಿಲೇರಿ, ತಾಪಮಾನ 18 ಡಿಗ್ರಿ ಸೆಲ್ಸಿಯಸ್ ದಾಟುವ ದಿನ ಅದು. ಅಂದು ಮಧ್ಯಾಹ್ನದ ಹೊತ್ತಿಗೆ ತಿಳಿ ಬಣ್ಣದ ಗೋಡೆಗಳ ಮೇಲೆ, ಅದರಲ್ಲೂ ದಕ್ಷಿಣಕ್ಕೋ ನೈರುತ್ಯಕ್ಕೋ ಮುಖ ಮಾಡಿದ ಗೋಡೆಗಳ ಮೇಲೆ, ಗುಲಗಂಜಿ ಹುಳುಗಳು ಇಳಿಯತೊಡಗುತ್ತವೆ. ಮೊದಲು ನಾಲ್ಕಾರು, ಸ್ವಲ್ಪ ಹೊತ್ತಿಗೆ ನೂರಾರು, ಸಂಜೆಯೊಳಗೆ ಸಾವಿರಾರು. ಕಿಟಕಿಯ ಚೌಕಟ್ಟಿನ ಬಿರುಕು, ಬಾಗಿಲ ಕೆಳಗಿನ ಸಂದು, ಅಟ್ಟದ ಗಾಳಿಕಿಂಡಿ, ಕೇಬಲ್ ಒಳಹೊಕ್ಕ ತೂತು, ಯಾವುದೂ ಅವುಗಳ ಕಣ್ಣಿಗೆ ತಪ್ಪುವುದಿಲ್ಲ. ಒಹಾಯೋ, ಕೆಂಟಕಿ, ವರ್ಜೀನಿಯಾ, ನಾರ್ತ್ ಕ್ಯಾರೊಲಿನಾ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೂ ನವರಾತ್ರಿ ಮುಗಿದು ದೀಪಾವಳಿ ಬರುವ ಹೊತ್ತಿಗೆ ಶುರುವಾಗುವ ಈ ಕಾಟ ಹೊಸದೇನಲ್ಲ.

ಮನೆಯೊಳಗೆ ಬಂದ ಹುಳು ಮರ ಕೊರೆಯುವುದಿಲ್ಲ, ಬಟ್ಟೆ ತಿನ್ನುವುದಿಲ್ಲ, ಅಡುಗೆಮನೆಯ ಡಬ್ಬಿಗಳಿಗೆ ಬಾಯಿ ಹಾಕುವುದಿಲ್ಲ, ಒಳಗೆ ಮೊಟ್ಟೆ ಇಟ್ಟು ಸಂಸಾರ ಹೂಡುವುದೂ ಇಲ್ಲ. ಗೋಡೆಯ ಪೊಳ್ಳಿನಲ್ಲಿ, ಅಟ್ಟದ ಮೂಲೆಯಲ್ಲಿ ಒಂದರ ಮೇಲೊಂದು ಒತ್ತರಿಸಿಕೊಂಡು ಚಳಿಗಾಲ ಕಳೆಯುವುದಷ್ಟೇ ಅದರ ಉದ್ದೇಶ. ತೊಂದರೆ ಬೇರೆ ಕಡೆಯಿಂದ ಬರುತ್ತದೆ. ಹೀಟರ್ ಹಾಕಿ ಮನೆ ಬೆಚ್ಚಗಾದರೆ ಜನವರಿಯ ನಡುವೆಯೇ ಅವು ಎಚ್ಚರವಾಗಿ ದೀಪದ ಸುತ್ತ, ಕಿಟಕಿಯ ಗಾಜಿನ ಮೇಲೆ ಹರಿದಾಡುತ್ತವೆ. ಮುಟ್ಟಿದರೆ ಕಾಲಿನ ಕೀಲುಗಳಿಂದ ಹಳದಿ ದ್ರವ ಒಸರುತ್ತದೆ. ಅದು ಹುಳುವಿನ ರಕ್ತವೇ. ವಾಸನೆ ಕೆಟ್ಟದು, ಪರದೆಗೂ ಗೋಡೆಗೂ ತಗುಲಿದರೆ ಕಲೆ ಉಳಿಯುತ್ತದೆ. ಕೆಲವರಿಗೆ ಇದರಿಂದ ಮೂಗು ಸೋರುವುದು, ಕಣ್ಣುರಿ, ಉಬ್ಬಸ ಕಾಣಿಸಿಕೊಂಡದ್ದನ್ನು ವೈದ್ಯರು ದಾಖಲಿಸಿದ್ದಾರೆ. ಆಗೀಗ ಚರ್ಮವನ್ನು ಕಚ್ಚುವುದೂ ಉಂಟು.

ಹೀಗೆ ಮನೆ ಹೊಗುವ ಹುಳುವಿನ ಶಾಸ್ತ್ರೀಯ ಹೆಸರು ಹಾರ್ಮೋನಿಯಾ ಆಕ್ಸಿರಿಡಿಸ್. ಪೀಟರ್ ಸೈಮನ್ ಪಲ್ಲಾಸ್ ಎಂಬ ನಿಸರ್ಗ ವಿಜ್ಞಾನಿ 1773ರಲ್ಲಿ ಸೈಬೀರಿಯಾದ ಮಾದರಿಗಳನ್ನು ನೋಡಿ ಅದನ್ನು ವರ್ಣಿಸಿದರು. ಜಪಾನ್, ಕೊರಿಯಾ, ಚೀನಾ, ಮಂಗೋಲಿಯಾ, ದಕ್ಷಿಣ ಸೈಬೀರಿಯಾ ಅದರ ತವರು. ಕಿತ್ತಳೆ ಬಣ್ಣದ ಮೇಲೆ ಹತ್ತೊಂಬತ್ತು ಚುಕ್ಕೆ, ಚುಕ್ಕೆಯೇ ಇಲ್ಲದ ಕೆಂಪು, ಕಪ್ಪು ಮೈಮೇಲೆ ಎರಡೋ ನಾಲ್ಕೋ ಕೆಂಪು ಮಚ್ಚೆ: ಒಂದೇ ಜಾತಿಯ ಹುಳು ಇಷ್ಟು ವೇಷಗಳಲ್ಲಿ ಸಿಗುವುದರಿಂದ ಅದು ತಳಿವಿಜ್ಞಾನಿಗಳ ಅಚ್ಚುಮೆಚ್ಚಿನದಾಯಿತು. ಥಿಯೊಡೋಸಿಯಸ್ ಡೊಬ್ಜಾನ್‌ಸ್ಕಿ ಹಣ್ಣುನೊಣದ ಅಧ್ಯಯನದಿಂದ ಜಗತ್ಪ್ರಸಿದ್ಧರಾಗುವ ಮೊದಲು, 1924ರಲ್ಲಿ, ಬರೆದದ್ದು ಇದರ ಬಣ್ಣಗಳ ಬಗ್ಗೆ. ಅವರ ಶಿಷ್ಯ, ಚೀನಾದ ತಾನ್ ಜಿಯಾಜೆನ್, ಇದೇ ಹುಳುವಿನ ಚುಕ್ಕೆಗಳು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಬಗೆಯನ್ನು ವಿವರಿಸಿ 1946ರಲ್ಲಿ ಪ್ರಕಟಿಸಿದ ಲೇಖನ ತಳಿಶಾಸ್ತ್ರದಲ್ಲಿ ಇವತ್ತಿಗೂ ಉಲ್ಲೇಖವಾಗುತ್ತದೆ.

ತವರಿನಲ್ಲಿ ಈ ಹುಳು ಚಳಿಗಾಲ ಕಳೆಯುವುದು ಬೆಟ್ಟದ ಬಂಡೆಗಳ ಸಂದಿಯಲ್ಲಿ. ದೂರಕ್ಕೆ ಬೆಳ್ಳಗೆ ಹೊಳೆಯುವ, ಬಿಸಿಲಿಗೆ ಮುಖ ಮಾಡಿದ ಬಂಡೆಗಳೆಂದರೆ ಅದಕ್ಕೆ ಇಷ್ಟ. ಶರತ್ಕಾಲದಲ್ಲಿ ಹೊಲ ತೋಟ ಬಿಟ್ಟು ಹಾರಿ, ಸುತ್ತಲಿನ ನೆಲಕ್ಕಿಂತ ಎದ್ದು ಕಾಣುವ ಬಿಳುಪನ್ನು ಹುಡುಕಿ, ಅಲ್ಲಿ ಕಂಡ ಬಿರುಕಿಗೆ ನುಸುಳುವುದು ಅದರ ಹುಟ್ಟುಗುಣ. ಕೆಂಟಕಿಯ ಬಯಲಿನಲ್ಲಿ ಅಂಥ ಬಂಡೆ ಎಲ್ಲಿಂದ ಬರಬೇಕು? ಅಲ್ಲಿ ಬೆಳ್ಳಗೆ ಎತ್ತರಕ್ಕೆ ನಿಂತಿರುವುದು ಮನೆಗಳು ಮಾತ್ರ. ಈ ಹುಳುವನ್ನು ಅಮೆರಿಕಕ್ಕೆ ತಂದವರು ಅದು ಏನು ತಿನ್ನುತ್ತದೆ, ಎಷ್ಟು ತಿನ್ನುತ್ತದೆ ಎಂದು ಬಹಳ ಮುತುವರ್ಜಿಯಿಂದ ಲೆಕ್ಕ ಹಾಕಿದ್ದರು. ಚಳಿಗಾಲದಲ್ಲಿ ಅದು ಎಲ್ಲಿ ಮಲಗುತ್ತದೆ ಎಂಬ ಪ್ರಶ್ನೆಯನ್ನು ಅವರು ತಮ್ಮ ಲೆಕ್ಕಕ್ಕೆ ಸೇರಿಸಲಿಲ್ಲ. ಇವತ್ತು ಲಕ್ಷಾಂತರ ಮನೆಗಳಲ್ಲಿ ನಡೆಯುವ ಬಿರುಕು ಮುಚ್ಚುವ ಕೆಲಸದ ಬೇರು ಅಲ್ಲಿದೆ, ಮತ್ತು ಆ ಬೇರನ್ನು ಹಿಡಿದು ಹೋದರೆ ಸಿಗುವುದು 1888ರ ಕ್ಯಾಲಿಫೋರ್ನಿಯಾ.

ಆಗ ಲಾಸ್ ಏಂಜಲೀಸ್ ಸುತ್ತಮುತ್ತ ಕಿತ್ತಳೆ ತೋಟಗಳು ಹೊಸದಾಗಿ ಬೆಳೆದು ನಿಂತಿದ್ದವು. ಸುಮಾರು 1868ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಜಾಲಿ ಜಾತಿಯ ಗಿಡಗಳ ಜೊತೆ ಒಂದು ಶಲ್ಕಕೀಟವೂ ಮೆನ್ಲೋ ಪಾರ್ಕ್ ಎಂಬ ಊರಿಗೆ ಬಂದಿಳಿದಿತ್ತು. ಬೆನ್ನಿನ ಮೇಲೆ ಹತ್ತಿಯಂಥ ಬಿಳಿ ಮೆತ್ತೆ ಹೊತ್ತು ರೆಂಬೆಗೆ ಕಚ್ಚಿಕೊಂಡು ರಸ ಹೀರುವ ಐಸೀರಿಯಾ ಪರ್ಚಾಸಿ ಅದು. ಇಪ್ಪತ್ತು ವರ್ಷದೊಳಗೆ ಅದು ದಕ್ಷಿಣದ ಕಿತ್ತಳೆ ತೋಟಗಳನ್ನು ಆವರಿಸಿತು. ಸೋಪು, ಸೀಮೆಎಣ್ಣೆ, ಸುಣ್ಣ, ವಿಷಾನಿಲ ಯಾವುದೂ ನಾಟಲಿಲ್ಲ. ತೋಟಗಾರರು ಮರ ಕಡಿದು ಸುಡತೊಡಗಿದ್ದರು.

ಅಮೆರಿಕ ಸರ್ಕಾರದ ಮುಖ್ಯ ಕೀಟವಿಜ್ಞಾನಿ ಚಾರ್ಲ್ಸ್ ವ್ಯಾಲೆಂಟೈನ್ ರೈಲಿ ಅವರ ಯೋಚನೆ ಸರಳವಾಗಿತ್ತು. ಆಸ್ಟ್ರೇಲಿಯಾದಲ್ಲಿ ಇದೇ ಕೀಟ ಇದ್ದರೂ ಅಲ್ಲಿ ತೋಟ ನಾಶವಾಗುತ್ತಿಲ್ಲ. ಅಂದಮೇಲೆ ಅಲ್ಲಿ ಇದನ್ನು ತಿನ್ನುವವರು ಯಾರೋ ಇರಬೇಕು. ಆದರೆ ಇಲಾಖೆಯ ಕೀಟವಿಜ್ಞಾನಿಗಳು ಸರ್ಕಾರಿ ಖರ್ಚಿನಲ್ಲಿ ವಿದೇಶಕ್ಕೆ ಹೋಗದಂತೆ ಸಂಸತ್ತು ತಡೆ ಹಾಕಿತ್ತು. ಅದೇ ವರ್ಷ ಮೆಲ್ಬರ್ನ್‌ನಲ್ಲಿ ದೊಡ್ಡದೊಂದು ವಸ್ತುಪ್ರದರ್ಶನ ನಡೆಯಲಿತ್ತು. ಆ ಪ್ರದರ್ಶನದ ಅಮೆರಿಕನ್ ನಿಯೋಗದ ಹಣದಲ್ಲಿ ರೈಲಿ ತಮ್ಮ ಸಹಾಯಕ, ಜರ್ಮನಿ ಮೂಲದ ಆಲ್ಬರ್ಟ್ ಕೋಬೆಲೆ ಅವರನ್ನು ಹಡಗು ಹತ್ತಿಸಿದರು. 1888ರ ಅಕ್ಟೋಬರ್‌ನಲ್ಲಿ ಅಡಿಲೇಡ್ ನಗರದ ಒಂದು ತೋಟದಲ್ಲಿ ಕೋಬೆಲೆ ಅವರಿಗೆ ಸಿಕ್ಕಿದ್ದು ಶಲ್ಕಕೀಟವನ್ನು ತಿನ್ನುತ್ತಿದ್ದ ಪುಟ್ಟ ಕೆಂಪು-ಕಪ್ಪು ಗುಲಗಂಜಿ ಹುಳು, ರೊಡೋಲಿಯಾ ಕಾರ್ಡಿನಾಲಿಸ್. ಆ ಕಾಲದ ಜನ ಅದನ್ನು ವೆಡಾಲಿಯಾ ಎನ್ನುತ್ತಿದ್ದರು.

ಹಡಗಿನ ಶೀತಕೋಣೆಯಲ್ಲಿ ವಾರಗಟ್ಟಲೆ ಪಯಣ ಮಾಡಿ ಮೊದಲ ಮೂರು ಕಂತುಗಳಲ್ಲಿ ಜೀವಂತ ತಲುಪಿದ್ದು 28, 44 ಮತ್ತು 57 ಹುಳುಗಳು. ಒಟ್ಟು 129. ಅವನ್ನು ಲಾಸ್ ಏಂಜಲೀಸ್‌ನ ವುಲ್ಫ್‌ಸ್ಕಿಲ್ ಅವರ ತೋಟದಲ್ಲಿ ಒಂದು ಕಿತ್ತಳೆ ಮರಕ್ಕೆ ಬಟ್ಟೆಯ ಡೇರೆ ಹೊದಿಸಿ ಅದರೊಳಗೆ ಬಿಟ್ಟರು. 1889ರ ಏಪ್ರಿಲ್ ಹೊತ್ತಿಗೆ ಆ ಮರದಲ್ಲಿ ಶಲ್ಕಕೀಟ ಉಳಿದಿರಲಿಲ್ಲ. ಡೇರೆಯ ಒಂದು ಬದಿ ತೆರೆದರು, ಹುಳುಗಳು ಪಕ್ಕದ ಮರಗಳಿಗೆ ಹಬ್ಬಿದವು. ಜೂನ್ ತಿಂಗಳಷ್ಟರಲ್ಲಿ 10,555 ಹುಳುಗಳನ್ನು ಬೇರೆ ಬೇರೆ ತೋಟಗಾರರಿಗೆ ಹಂಚಲಾಗಿತ್ತು. ಒಂದೇ ವರ್ಷದಲ್ಲಿ ಲಾಸ್ ಏಂಜಲೀಸ್ ಕೌಂಟಿಯಿಂದ ಹೊರಟ ಕಿತ್ತಳೆ 700 ರೈಲು ವ್ಯಾಗನ್ನುಗಳಿಂದ 2,000ಕ್ಕೆ ಏರಿತು. ಇಡೀ ಕೆಲಸಕ್ಕೆ ತಗುಲಿದ ವೆಚ್ಚ ಸುಮಾರು 2,000 ಡಾಲರ್. ಬೆಳೆಗಾರರು ಕೋಬೆಲೆ ಅವರಿಗೆ ಚಿನ್ನದ ಗಡಿಯಾರವನ್ನೂ ಅವರ ಪತ್ನಿಗೆ ವಜ್ರದ ಓಲೆಯನ್ನೂ ಕೊಟ್ಟು ಗೌರವಿಸಿದರು.

ಆ ಗೌರವಕ್ಕೆ ಕೋಬೆಲೆ ಪೂರ್ತಿ ಅರ್ಹರು. ಆದರೆ ಈ ಗೆಲುವಿನ ಒಳಗುಟ್ಟು ಏನೆಂದು ಆಗ ಹೆಚ್ಚು ಜನ ವಿಚಾರಿಸಲಿಲ್ಲ. ವೆಡಾಲಿಯಾ ಬಹುಮಟ್ಟಿಗೆ ಒಂದೇ ಗುಂಪಿನ ಶಲ್ಕಕೀಟಗಳನ್ನು ತಿಂದು ಬದುಕುವ ಹುಳು. ಆಹಾರ ಕಡಿಮೆಯಾದರೆ ಅದೂ ಕಡಿಮೆಯಾಗುತ್ತದೆ, ಅನ್ನ ಹುಡುಕಿ ಬೇರೆ ಕಡೆ ಕೈ ಹಾಕುವುದಿಲ್ಲ. ಸಾಮಾನ್ಯ ಜನರಿಗೆ ತಲುಪಿದ ಸುದ್ದಿ ಬೇರೆ: ಗುಲಗಂಜಿ ಹುಳು ತಂದು ಬಿಟ್ಟರೆ ಬೆಳೆ ಉಳಿಯುತ್ತದೆ. ಕೋಬೆಲೆ 1891ರಲ್ಲಿ ಮತ್ತೆ ಆಸ್ಟ್ರೇಲಿಯಾಕ್ಕೆ ಹೋಗಿ ಇನ್ನಷ್ಟು ಜಾತಿಗಳನ್ನು ಕಳಿಸಿದರು. ಅವುಗಳಲ್ಲಿ ಹಿಟ್ಟು ತಿಗಣೆ ತಿನ್ನುವ ಕ್ರಿಪ್ಟೊಲೀಮಸ್ ಕೂಡ ಒಂದು.

ಈ ಉತ್ಸಾಹದ ಅಲೆ ನಮ್ಮ ಕಾಫಿ ಸೀಮೆಯವರೆಗೂ ಬಂತು. 1898ರಲ್ಲಿ ಎಚ್. ಓ. ನ್ಯೂಪೋರ್ಟ್ ಎಂಬುವರು ದಕ್ಷಿಣ ಭಾರತದ ಕಾಫಿ ಗಿಡಗಳ ಹಸಿರು ತಿಗಣೆಯನ್ನು ಹತೋಟಿಗೆ ತರಲು ಕ್ರಿಪ್ಟೊಲೀಮಸ್ ತರಿಸಿದರು. ಹಸಿರು ತಿಗಣೆಯ ಮೇಲೆ ಅದರ ಆಟ ನಡೆಯಲಿಲ್ಲ. ಆದರೆ ಹುಳು ಸಾಯದೆ ಈ ಮಣ್ಣಿನಲ್ಲಿ ಉಳಿದುಕೊಂಡಿತು. ಎಂಟು ದಶಕಗಳ ಬಳಿಕ ಕಾಫಿ, ದ್ರಾಕ್ಷಿ, ಸೀಬೆ ತೋಟಗಳಲ್ಲಿ ಹಿಟ್ಟು ತಿಗಣೆಯ ಕಾಟ ಜಾಸ್ತಿಯಾದಾಗ ಕರ್ನಾಟಕದ ವಿಜ್ಞಾನಿಗಳು ಇದನ್ನೇ ಪ್ರಯೋಗಾಲಯದಲ್ಲಿ ಕುಂಬಳಕಾಯಿಯ ಮೇಲೆ ಹಿಟ್ಟು ತಿಗಣೆ ಬೆಳೆಸಿ, ಆ ತಿಗಣೆ ತಿನ್ನಿಸಿ ಸಾಕಿ, ತೋಟಗಳಿಗೆ ಬಿಟ್ಟರು. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯೂ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಈ ಕೆಲಸದಲ್ಲಿ ಮುಂದಿದ್ದವು. ಕ್ರಿಪ್ಟೊಲೀಮಸ್‌ನ ಮರಿಹುಳು ಮೈತುಂಬ ಬಿಳಿ ಮೇಣ ಹೊತ್ತು ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ಗುರುತು ಗೊತ್ತಿಲ್ಲದವರು ಅದನ್ನೇ ಪೀಡೆ ಎಂದು ತಿಳಿದು ಕೊಲ್ಲುವ ಅಪಾಯವಿದೆ ಎಂದು ಕೃಷಿ ಅಧಿಕಾರಿಗಳು ರೈತರಿಗೆ ಹೇಳುತ್ತಲೇ ಇರಬೇಕಾಗುತ್ತದೆ.

ಅತ್ತ ಕ್ಯಾಲಿಫೋರ್ನಿಯಾದಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಇನ್ನೊಂದು ಪ್ರಯೋಗ ಶುರುವಾಗಿತ್ತು. ಅಲ್ಲಿನದೇ ಆದ ಹಿಪ್ಪೊಡಾಮಿಯಾ ಕನ್ವರ್ಜೆನ್ಸ್ ಎಂಬ ಗುಲಗಂಜಿ ಹುಳು ಸಿಯೆರಾ ನೆವಾಡಾ ಬೆಟ್ಟಗಳ ಕಣಿವೆಗಳಲ್ಲಿ ಎಲೆಕಸದ ಕೆಳಗೆ ರಾಶಿ ರಾಶಿಯಾಗಿ ಚಳಿಗಾಲ ಕಳೆಯುತ್ತದೆ. ಸುಮಾರು 1910ರಿಂದ ರಾಜ್ಯ ಸರ್ಕಾರದ ಕೀಟಾಲಯದವರು ಈ ರಾಶಿಗಳನ್ನು ಮೊಗೆದು ಚೀಲಕ್ಕೆ ತುಂಬಿ, ಹೇಸರಗತ್ತೆಗಳ ಮೇಲೆ ಕೆಳಗಿಳಿಸಿ, ಇಂಪೀರಿಯಲ್ ಕಣಿವೆಯ ಕರಬೂಜ ಬೆಳೆಗಾರರಿಗೆ ಹಂಚಿದರು. ಹೊಲಕ್ಕೆ ಸುರಿದ ಹುಳುಗಳು ಒಂದೆರಡು ದಿನದಲ್ಲಿ ಹಾರಿ ಹೋಗುತ್ತಿದ್ದವು. ಹುಳುಗಳ ಮೈಗೆ ಬಣ್ಣದ ಗುರುತು ಹಚ್ಚಿ ಬಿಟ್ಟು ಪರೀಕ್ಷಿಸಿದಾಗಲೂ ಅದೇ ಕಂಡಿತು. ಚಳಿಗಾಲದ ಗುಂಪಿನಿಂದ ಎಬ್ಬಿಸಿ ತಂದ ಹುಳುವಿಗೆ ಮೊದಲು ಬೇಕಾದದ್ದು ಆಹಾರವಲ್ಲ, ದೂರ ಹಾರುವುದು. ಗುಲಗಂಜಿ ಹುಳುವಿನ ಬದುಕಿನಲ್ಲಿ ಚಳಿಗಾಲದ ಜಾಗಕ್ಕೆ ಎಂಥ ಮಹತ್ವವಿದೆ ಎಂಬುದು ಆಗಲೇ, ನೂರು ವರ್ಷದ ಹಿಂದೆಯೇ, ಕಣ್ಣೆದುರು ಇತ್ತು.

ಹಾರ್ಮೋನಿಯಾ ಅಮೆರಿಕಕ್ಕೆ ಮೊದಲು ಬಂದದ್ದೂ ಇದೇ ಕಾಲದಲ್ಲಿ. 1916ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಿಟ್ಟರು, ನೆಲೆಯೂರಲಿಲ್ಲ. 1964-65ರಲ್ಲಿ ಅದೇ ರಾಜ್ಯದಲ್ಲಿ ಮತ್ತೆ ಬಿಟ್ಟರು, ಆಗಲೂ ಇಲ್ಲ. 1970ರ ದಶಕದ ಕೊನೆಗೆ ಅಮೆರಿಕದ ಕೃಷಿ ಇಲಾಖೆ ಮತ್ತೆ ಕೈ ಹಾಕಿತು. ಜಾರ್ಜಿಯಾ ರಾಜ್ಯದಲ್ಲಿ ಪೀಕನ್ ಎಂಬ ಕಾಯಿಯ ಮರಗಳು ಸಾಲುಸಾಲಾಗಿವೆ. ಅಕ್ರೋಟಿನ ಸಂಬಂಧಿ ಇದು. ಆಳೆತ್ತರದ ಹತ್ತು ಪಟ್ಟು ಬೆಳೆಯುವ ಈ ಮರಗಳ ಮೇಲಿನ ಸಸ್ಯಹೇನಿಗೆ ಔಷಧಿ ಹೊಡೆಯುವುದು ಕಷ್ಟ. ನೆಲದ ಗಿಡಗಳಿಗಿಂತ ಮರಗಳನ್ನೇ ಇಷ್ಟಪಡುವ, ಹೇನನ್ನು ಹೊಟ್ಟೆಬಾಕನಂತೆ ತಿನ್ನುವ ಹಾರ್ಮೋನಿಯಾ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹುಳು ಎಂದು ವಿಜ್ಞಾನಿಗಳಿಗೆ ತೋರಿತು. ಬೈರನ್ ಎಂಬಲ್ಲಿನ ಸಂಶೋಧನಾ ಕೇಂದ್ರದ ಲೂಯಿಸ್ ಟೆಡರ್ಸ್ ಮತ್ತು ಸಂಗಡಿಗರು 1978ರಿಂದ 1981ರವರೆಗೆ ಜಾರ್ಜಿಯಾದಲ್ಲಿ ಬಿಟ್ಟರು. ಕನೆಕ್ಟಿಕಟ್, ಮೇರಿಲ್ಯಾಂಡ್, ಲೂಸಿಯಾನಾ, ಪೆನ್ಸಿಲ್ವೇನಿಯಾ, ಒಹಾಯೋ ಮೊದಲಾದ ರಾಜ್ಯಗಳಲ್ಲೂ ಬಿಡುಗಡೆ ನಡೆಯಿತು. ಮತ್ತೆ ಹುಡುಕಿದಾಗ ಹುಳು ಸಿಗಲಿಲ್ಲ. ಈ ಸಲವೂ ಕೆಲಸ ಕೈಗೂಡಲಿಲ್ಲ ಎಂದು ಕಡತ ಮುಚ್ಚಿತು.

1988ರಲ್ಲಿ ಲೂಸಿಯಾನಾದಲ್ಲಿ, ನ್ಯೂ ಆರ್ಲಿಯನ್ಸ್ ನಗರದ ಹತ್ತಿರ, ಹಾರ್ಮೋನಿಯಾ ಸಿಕ್ಕಿತು. ಅದು ಬಿಟ್ಟ ಹುಳುಗಳ ಸಂತತಿಯೋ, ಬಂದರಿಗೆ ಬಂದ ಯಾವುದೋ ಹಡಗಿನ ಸರಕಿನೊಡನೆ ತಾನಾಗಿ ಬಂದದ್ದೋ ಎಂಬ ಚರ್ಚೆ ಕೀಟವಿಜ್ಞಾನಿಗಳ ನಡುವೆ ಬಹಳ ಕಾಲ ನಡೆಯಿತು. ಎಲ್ಲಿಂದ ಬಂದರೇನು, ಹರಡಿದ ವೇಗ ಮಾತ್ರ ಎಲ್ಲರನ್ನೂ ಬೆರಗುಗೊಳಿಸಿತು. 1990ರ ದಶಕದ ನಡುವಿಗೆ ಅದು ದಕ್ಷಿಣದ ರಾಜ್ಯಗಳನ್ನು ದಾಟಿ ಪೆನ್ಸಿಲ್ವೇನಿಯಾದವರೆಗೆ ಹಬ್ಬಿತ್ತು. ಪೀಕನ್ ಬೆಳೆಗಾರರಿಗೆ ಸಂತೋಷವಾಯಿತು, ಮರಗಳ ಮೇಲಿನ ಹೇನು ನಿಜಕ್ಕೂ ಇಳಿಯಿತು. ಅವರ ಸಂತೋಷವನ್ನು ಈ ಕಥೆಯಲ್ಲಿ ಮರೆಯಬಾರದು. ಕೀಟನಾಶಕ ಕಡಿಮೆಯಾದ ಪ್ರತಿ ತೋಟವೂ ಒಂದು ಲಾಭವೇ.

ಅದೇ ಹೊತ್ತಿಗೆ ಪ್ರತಿ ಅಕ್ಟೋಬರ್‌ನಲ್ಲಿ ಕೃಷಿ ವಿಸ್ತರಣಾ ಕಚೇರಿಗಳ ಫೋನು ಬಿಡುವಿಲ್ಲದೆ ರಿಂಗಣಿಸತೊಡಗಿತು. ಕರೆ ಮಾಡುತ್ತಿದ್ದವರು ರೈತರಲ್ಲ, ಗೃಹಸ್ಥರು. ವಿಶ್ವವಿದ್ಯಾಲಯಗಳ ಕೀಟವಿಜ್ಞಾನಿಗಳು ಅಲ್ಲಿಯವರೆಗೆ ಗುಲಗಂಜಿ ಹುಳುವನ್ನು ಉಳಿಸಿಕೊಳ್ಳುವುದು ಹೇಗೆಂದು ಕರಪತ್ರ ಬರೆದವರು. ಈಗ ಅದನ್ನು ಹೊರಗಿಡುವುದು ಹೇಗೆಂದು ಬರೆಯಬೇಕಾಯಿತು.

ಆ ಕರಪತ್ರಗಳಲ್ಲಿ ಕಾಲಕ್ರಮದಲ್ಲಿ ಗಟ್ಟಿಯಾದ ಸಲಹೆಗಳು ಇಂದಿಗೂ ಬದಲಾಗಿಲ್ಲ. ಕೆಲಸ ಮಾಡಬೇಕಾದದ್ದು ಹುಳು ಬಂದ ಮೇಲಲ್ಲ, ಸೆಪ್ಟೆಂಬರ್ ಮುಗಿಯುವ ಮೊದಲು. ಕಿಟಕಿ ಬಾಗಿಲುಗಳ ಚೌಕಟ್ಟು ಗೋಡೆಗೆ ಸೇರುವ ಸಂದಿಗೆ ಸಿಲಿಕೋನ್ ತುಂಬಬೇಕು. ಪೈಪು, ವೈರು ಒಳಹೋಗುವ ತೂತುಗಳಿಗೆ ಫೋಮ್ ಹಾಕಬೇಕು. ಅಟ್ಟದ ಗಾಳಿಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿಯಬೇಕು, ಬಾಗಿಲ ಅಡಿಗೆ ರಬ್ಬರ್ ಪಟ್ಟಿ ಹಚ್ಚಬೇಕು. ಮೂರು ಮಿಲಿಮೀಟರ್ ಬಿರುಕು ಸಾಕು, ಹುಳು ಒಳಗೆ. ಹೊರಗೋಡೆಗೆ ಕೀಟನಾಶಕ ಹೊಡೆಸುವವರೂ ಇದ್ದಾರೆ. ಆದರೆ ಗೋಡೆಯ ಪೊಳ್ಳಿನೊಳಗೆ ವಿಷ ಹಾಕಬೇಡಿ ಎಂದು ವಿಜ್ಞಾನಿಗಳು ಒತ್ತಿ ಹೇಳುತ್ತಾರೆ. ಒಳಗೆ ಸತ್ತ ಸಾವಿರಾರು ಹುಳುಗಳನ್ನು ತಿನ್ನಲು ಇನ್ನೊಂದು ಜಾತಿಯ ದುಂಬಿ ಬರುತ್ತದೆ, ಅದು ಆಮೇಲೆ ಉಣ್ಣೆ ಬಟ್ಟೆಗೂ ರತ್ನಗಂಬಳಿಗೂ ಬಾಯಿ ಹಾಕುತ್ತದೆ.

ಒಳಗೆ ಬಂದೇ ಬಿಟ್ಟ ಹುಳುಗಳಿಗೆ ಪೊರಕೆ ಹಿಡಿದರೆ ಹಳದಿ ಕಲೆ ಖಚಿತ. ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಎಳೆದರೆ ಅದರ ಚೀಲವೆಲ್ಲ ನಾತ. ಇದಕ್ಕೆ ವಿಸ್ತರಣಾ ಕೀಟವಿಜ್ಞಾನಿಗಳು ಹೇಳಿಕೊಟ್ಟ ಉಪಾಯ ಊರೂರಿಗೆ ಹಬ್ಬಿತು. ಮೊಣಕಾಲುದ್ದದ ನೈಲಾನ್ ಕಾಲುಚೀಲವನ್ನು ಕ್ಲೀನರ್ ಕೊಳವೆಯ ಬಾಯೊಳಗೆ ಇಳಿಬಿಟ್ಟು, ಅಂಚನ್ನು ಹೊರಕ್ಕೆ ಮಡಚಿ ರಬ್ಬರ್ ಬ್ಯಾಂಡಿನಿಂದ ಬಿಗಿಯಬೇಕು. ಯಂತ್ರ ಚಾಲೂ ಮಾಡಿದರೆ ಗಾಳಿ ಹೋಗುತ್ತದೆ, ಹುಳು ಕಾಲುಚೀಲದಲ್ಲಿ ನಿಲ್ಲುತ್ತದೆ. ಯಂತ್ರ ನಿಲ್ಲಿಸುವ ಮೊದಲೇ ಚೀಲ ಹೊರಗೆಳೆದು ಅದೇ ರಬ್ಬರ್ ಬ್ಯಾಂಡಿನಿಂದ ಬಾಯಿ ಕಟ್ಟಿದರೆ ಹುಳುಗಳನ್ನು ಜೀವಂತವಾಗಿ ದೂರ ಒಯ್ದು ಬಿಡಬಹುದು. ಮುಂದಿನ ಬೇಸಿಗೆಯಲ್ಲಿ ಅವು ಮತ್ತೆ ಹೇನು ತಿನ್ನಬೇಕಲ್ಲ, ಕೊಲ್ಲಲು ಎಷ್ಟೋ ಜನರಿಗೆ ಮನಸ್ಸಿಲ್ಲ.

ಹುಳುವನ್ನು ತರಿಸಿದ ಕೃಷಿ ಇಲಾಖೆಯೇ ಅದನ್ನು ಮನೆಯಿಂದ ದೂರವಿಡುವ ಸಂಶೋಧನೆಗೂ ಇಳಿಯಿತು. ಕತ್ತಲೆಯ ಅಟ್ಟದಲ್ಲಿಡಲು ನೇರಳಾತೀತ ದೀಪದ ಬೋನು ತಯಾರಾಯಿತು. ಎರಿಕ್ ರಿಡಿಕ್ ಮತ್ತು ಸಹೋದ್ಯೋಗಿಗಳು ಗಿಡಗಳಿಂದ ಬರುವ ಘಾಟಿನ ವಸ್ತುಗಳನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಫಲಿತಾಂಶ ಕನ್ನಡದ ಓದುಗರಿಗೆ ಆಪ್ತವೆನಿಸುತ್ತದೆ: ಹುಳು ದೂರ ಸರಿದದ್ದು ಕರ್ಪೂರ ಮತ್ತು ಮೆಂಥಾಲ್ ವಾಸನೆಗೆ. ತೊಂದರೆ ಏನೆಂದರೆ ಕರ್ಪೂರ ಗಾಳಿಗೆ ಬೇಗ ಹಾರಿ ಹೋಗುತ್ತದೆ. ದೇವರ ಮನೆಯ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟವರಿಗೆಲ್ಲ ಇದು ಗೊತ್ತು. ತಿಂಗಳುಗಟ್ಟಲೆ ಗೋಡೆಯ ಬಿರುಕಿನಲ್ಲಿ ಅದರ ಘಾಟು ಉಳಿಸುವುದು ಸುಲಭವಲ್ಲ. ಸಿಲಿಕೋನ್ ತುಂಬಿದ ಬಿರುಕಿಗೆ ಸರಿಸಾಟಿಯಾದ ಉಪಾಯ ಇನ್ನೂ ಬಂದಿಲ್ಲ.

ಮನೆಯ ಹೊರಗೂ ಅನಿರೀಕ್ಷಿತ ಪೆಟ್ಟು ಬಿತ್ತು. ಕೆನಡಾದ ನಯಾಗರ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ 2001ರ ಕೊಯ್ಲಿನ ಸಮಯದಲ್ಲಿ ಈ ಹುಳುಗಳು ಗೊಂಚಲುಗಳೊಳಗೆ ಸೇರಿಕೊಂಡಿದ್ದವು. ಹಣ್ಣಿನ ಜೊತೆ ಅವೂ ಅರೆದುಹೋಗಿ, ಅವುಗಳ ರಕ್ತದಲ್ಲಿರುವ ಮೆಥಾಕ್ಸಿಪೈರಜೀನ್ ಎಂಬ ವಸ್ತು ವೈನಿನಲ್ಲಿ ಬೆರೆತು, ಆ ವರ್ಷದ ವೈನಿಗೆ ದೊಣ್ಣೆಮೆಣಸಿನಕಾಯಿ ಮತ್ತು ಕಡಲೆಕಾಯಿಯ ವಾಸನೆ ಹತ್ತಿತು.

ಯುರೋಪಿನ ಅಧ್ಯಾಯ ಇನ್ನೂ ನೋವಿನದು. ಅಲ್ಲಿ ಗುಲಗಂಜಿ ಹುಳು ಮೇರಿ ಮಾತೆಯ ಕೀಟ, ಕೊಂದರೆ ಅಶುಭ. ಜರ್ಮನಿಯಲ್ಲಿ ಹೊಸ ವರ್ಷಕ್ಕೆ ಅದರ ಆಕಾರದ ಚಾಕೊಲೇಟು ಹಂಚುತ್ತಾರೆ. ಎರಡು ಚುಕ್ಕೆಯ ಸ್ಥಳೀಯ ಜಾತಿ ಹಿಂದಿನಿಂದಲೂ ಮನೆಗಳ ಕಿಟಕಿ ಚೌಕಟ್ಟಿನಲ್ಲಿ ನಾಲ್ಕಾರು ಕೂತು ಚಳಿಗಾಲ ಕಳೆಯುತ್ತಿತ್ತು, ಯಾರೂ ಓಡಿಸುತ್ತಿರಲಿಲ್ಲ. 1982ರಲ್ಲಿ ಫ್ರಾನ್ಸಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಚೀನಾದಿಂದ ಹಾರ್ಮೋನಿಯಾ ತಂದು ಸಾಕಿತು. 1995ರಿಂದ ಕಂಪನಿಗಳು ಅದನ್ನು ಹಸಿರುಮನೆಗಳಿಗೂ ತೋಟಗಳಿಗೂ ಮಾರತೊಡಗಿದವು. 2001ರ ಹೊತ್ತಿಗೆ ಅದು ಬೆಲ್ಜಿಯಂನ ಬಯಲಲ್ಲಿ ತಾನಾಗಿ ಬದುಕುತ್ತಿತ್ತು. 2004ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಎಸೆಕ್ಸ್ ಕೌಂಟಿಯ ಸಿಬಲ್ ಹೆಡಿಂಗ್‌ಹ್ಯಾಮ್ ಎಂಬ ಹಳ್ಳಿಯ ಒಂದು ಪಬ್ಬಿನ ತೋಟದಲ್ಲಿ ಗುರುತಿಸಲ್ಪಟ್ಟಿತು. ಕೇಂಬ್ರಿಜ್‌ನ ಮೈಕೆಲ್ ಮೆಜೆರಸ್ ಆಗಲೇ ಎಚ್ಚರಿಕೆ ಕೊಟ್ಟರು: ಈ ಹುಳು ಹೇನು ಮುಗಿದ ಮೇಲೆ ಬೇರೆ ಗುಲಗಂಜಿ ಹುಳುಗಳ ಮೊಟ್ಟೆ, ಮರಿಗಳನ್ನೇ ತಿನ್ನುತ್ತದೆ.

ಅವರ ಭಯ ನಿಜವಾಯಿತು. ಹಾರ್ಮೋನಿಯಾ ಬಂದ ಐದು ವರ್ಷಗಳಲ್ಲಿ ಎರಡು ಚುಕ್ಕೆಯ ಜಾತಿ ಬೆಲ್ಜಿಯಂನಲ್ಲಿ ಶೇ. 30ರಷ್ಟು, ಬ್ರಿಟನ್ನಿನಲ್ಲಿ ಶೇ. 44ರಷ್ಟು ಇಳಿದದ್ದನ್ನು 2012ರ ಅಧ್ಯಯನವೊಂದು ತೋರಿಸಿತು. ಅದಕ್ಕೂ ಎರಡು ವರ್ಷ ಮೊದಲು ಪ್ರಕಟವಾದ ತಳಿ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತ್ತು. ಯುರೋಪ್, ದಕ್ಷಿಣ ಅಮೆರಿಕ, ದಕ್ಷಿಣ ಆಫ್ರಿಕಾಗಳನ್ನು ಆವರಿಸಿದ ಹುಳುಗಳ ಮೂಲ ನೇರ ಏಷ್ಯಾ ಅಲ್ಲ, ಅಮೆರಿಕದ ಪೂರ್ವ ಭಾಗ. ಲೂಸಿಯಾನಾದ ಸುತ್ತ ನೆಲೆಯೂರಿದ ಆ ಒಂದು ಬಳಗವೇ ಹಡಗು ಹತ್ತಿ ಮೂರು ಖಂಡಗಳಿಗೆ ಹೋಗಿತ್ತು. ಯುರೋಪಿನಲ್ಲಿ ಮಾರಾಟಕ್ಕೆ ಸಾಕಿದ ಹುಳುಗಳು ಅದರ ಜೊತೆ ಬೆರೆತವು.

ಸ್ಥಳೀಯ ಜಾತಿ ಮರೆಯಾದದ್ದು ಅಮೆರಿಕದಲ್ಲೂ ಉಂಟು. ನ್ಯೂಯಾರ್ಕ್ ರಾಜ್ಯ 1989ರಲ್ಲಿ ಒಂಬತ್ತು ಚುಕ್ಕೆಯ ಗುಲಗಂಜಿ ಹುಳುವನ್ನು ತನ್ನ ರಾಜ್ಯಕೀಟವೆಂದು ಘೋಷಿಸಿತು. ಹಾರ್ಮೋನಿಯಾ ದಕ್ಷಿಣದಲ್ಲಿ ಬೇರು ಬಿಡುತ್ತಿದ್ದ ವರ್ಷಗಳವು. ಆದರೆ ಆ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಒಂಬತ್ತು ಚುಕ್ಕೆಯ ಹುಳು ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ಯುರೋಪಿನಿಂದ ತಂದು ಬಿಟ್ಟ ಏಳು ಚುಕ್ಕೆಯ ಇನ್ನೊಂದು ಜಾತಿಯ ಮೇಲೆ ವಿಜ್ಞಾನಿಗಳ ಅನುಮಾನ ಹೆಚ್ಚು. ಕಾರ್ನೆಲ್ ವಿಶ್ವವಿದ್ಯಾಲಯದ ಜಾನ್ ಲೋಸಿ ಮಕ್ಕಳನ್ನೂ ದೊಡ್ಡವರನ್ನೂ ಹುಡುಕಾಟಕ್ಕೆ ಹಚ್ಚಿದರು. 2011ರಲ್ಲಿ ಲಾಂಗ್ ಐಲ್ಯಾಂಡಿನ ಅಮಗಾನ್ಸೆಟ್ ಎಂಬಲ್ಲಿನ ಒಂದು ಸಾವಯವ ತೋಟದಲ್ಲಿ ಅದು ಮತ್ತೆ ಸಿಕ್ಕಿತು.

ಬೆಂಗಳೂರಿನಲ್ಲಾಗಲಿ ಬೆಳಗಾವಿಯಲ್ಲಾಗಲಿ ಗುಲಗಂಜಿ ಹುಳು ಮನೆ ತುಂಬಿತೆಂದು ಯಾರೂ ದೂರುವುದಿಲ್ಲ; ಹಿಂಡುಗಟ್ಟಿ ಮಲಗುವಂಥ ಚಳಿ ಇಲ್ಲಿಲ್ಲ. ಇಲ್ಲಿನ ರೈತರಿಗೆ ಗೊತ್ತಿರುವ ಕೆಟ್ಟ ನೆಂಟ ಬದನೆ ಎಲೆಯನ್ನು ಜಾಲರಿಯಂತೆ ಕೆರೆದು ತಿನ್ನುವ 28 ಚುಕ್ಕೆಯದು. ಆದರೆ ಹುಳು ತರಿಸುವ ಮುನ್ನ ಕೇಳಬೇಕಾದ ಪ್ರಶ್ನೆಗಳ ಬಿಸಿ ಬೆಂಗಳೂರಿಗೂ ತಟ್ಟಿದೆ. ಪಾರ್ಥೇನಿಯಂ ಕಳೆಯನ್ನು ತಿನ್ನಲೆಂದು 1983ರಲ್ಲಿ ಮೆಕ್ಸಿಕೋದಿಂದ ತಂದು, ಪರೀಕ್ಷೆ ನಡೆಸಿ, 1984ರಲ್ಲಿ ಇಲ್ಲಿ ಬಿಟ್ಟ ಜೈಗೋಗ್ರಾಮ ಎಂಬ ದುಂಬಿ ಗುಲಗಂಜಿ ಹುಳುವಿನ ಕುಲದ್ದಲ್ಲ. 1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿ ಎಲೆ ತಿನ್ನುತ್ತಿದೆ ಎಂಬ ದೂರು ಎದ್ದಾಗ ರೈತರು ಗಾಬರಿಯಾದರು, ದುಂಬಿ ಹಂಚುವುದು ನಿಂತಿತು, ವಿಚಾರಣೆ ನಡೆಯಿತು. ಸೂರ್ಯಕಾಂತಿ ಎಲೆಗಳ ಮೇಲೆ ಉದುರಿದ ಪಾರ್ಥೇನಿಯಂ ಪರಾಗವೇ ದುಂಬಿಯನ್ನು ಎಳೆದದ್ದೆಂದು ವಿಜ್ಞಾನಿಗಳು ವಿವರಿಸಿದ ಮೇಲೆ, ಅದರಿಂದ ಬೆಳೆಗೆ ಅಪಾಯವಿಲ್ಲ ಎಂಬ ತೀರ್ಮಾನಕ್ಕೆ ಬರಲಾಯಿತು. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಇಂದು ಹೊರಗಿನ ಹುಳುಗಳನ್ನು ಬಿಗಿ ಬಂದೋಬಸ್ತಿನ ಕೋಣೆಯಲ್ಲಿಟ್ಟು ಪರೀಕ್ಷಿಸುತ್ತದೆ.

ಇಂಥ ಪರೀಕ್ಷೆಯ ಅತ್ಯುತ್ತಮ ಉದಾಹರಣೆ ಕೋಬೆಲೆ ಅವರ ಆ ಹಳೆಯ ವೆಡಾಲಿಯಾ ಹುಳುವಿನದೇ. ಗಲಾಪಗೋಸ್ ದ್ವೀಪಗಳಲ್ಲಿ 1982ರಲ್ಲಿ ಕಾಣಿಸಿಕೊಂಡ ಅದೇ ಬಿಳಿ ಮೆತ್ತೆಯ ಶಲ್ಕಕೀಟ ಅಪರೂಪದ ಗಿಡಗಳನ್ನು ಒಣಗಿಸುತ್ತಿತ್ತು. ವೆಡಾಲಿಯಾ ತಂದರೆ ಸಾಕೆಂದು ಎಲ್ಲರಿಗೂ ಗೊತ್ತು. ಆದರೂ ಅಲ್ಲಿನ ವಿಜ್ಞಾನಿಗಳು ಹುಳುವನ್ನು ಬಂದ್ ಕೋಣೆಯಲ್ಲಿಟ್ಟು ದ್ವೀಪದ ಬೇರೆ ಕೀಟಗಳನ್ನು ತಿನ್ನುತ್ತದೆಯೇ ಎಂದು ನೋಡಿದರು. ಡಾರ್ವಿನ್ ಹೆಸರಿನ ಫಿಂಚ್ ಹಕ್ಕಿಗಳು ಅದನ್ನು ತಿಂದರೆ ವಿಷವಾಗುತ್ತದೆಯೇ ಎಂದೂ ನೋಡಿದರು. ವರ್ಷಗಳ ಕೆಲಸ ಅದು. 2002ರಲ್ಲಿ ಹುಳುವನ್ನು ಬಿಟ್ಟರು.

ಹಾರ್ಮೋನಿಯಾ ಮಾತ್ರ ಹಿಂದಕ್ಕೆ ಹೋಗುವಂಥದ್ದಲ್ಲ. ಫ್ರಾನ್ಸಿನವರು ಹಾರಲಾರದ ತಳಿಯೊಂದನ್ನು ಆರಿಸಿ ಬೆಳೆಸಿದರು, ಆದರೂ ಹಾರುವ ತಳಿ ಖಂಡವನ್ನೆಲ್ಲ ಸುತ್ತಿತು. ಈಗ ನಾರ್ತ್ ಕ್ಯಾರೊಲಿನಾದಿಂದ ಯುರೋಪಿನವರೆಗೆ ಸಂಶೋಧಕರು ಗಮನ ಇಟ್ಟಿರುವುದು ಹೆಸ್ಪೆರೊಮೈಸಿಸ್ ಎಂಬ ಶಿಲೀಂಧ್ರದ ಮೇಲೆ. ಹುಳುವಿನ ಬೆನ್ನಿನ ಮೇಲೂ ಕಾಲಿನ ಮೇಲೂ ಹಳದಿ ಮುಳ್ಳಿನಂತೆ ಎದ್ದು ನಿಲ್ಲುವ ಇದು ಮೈಗೆ ಮೈ ತಾಗಿದರೆ ಮಾತ್ರ ದಾಟುತ್ತದೆ: ಕೂಡುವಾಗ, ಇಲ್ಲವೇ ಚಳಿಗಾಲದಲ್ಲಿ ಒತ್ತರಿಸಿಕೊಂಡು ಮಲಗಿದಾಗ. ಅದರ ಮಾದರಿ ಬೇಕಾದಾಗ ಸಂಶೋಧಕರು ಕಾಡಿಗೆ ಹೋಗಬೇಕಿಲ್ಲ; ಜನರ ಅಟ್ಟಗಳಲ್ಲೂ ಕಿಟಕಿ ಚೌಕಟ್ಟುಗಳಲ್ಲೂ ಹುಳುಗಳನ್ನು ಆರಿಸಿಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ 2005ರ ಮಾರ್ಚ್‌ನಲ್ಲಿ ಶುರುವಾದ ಹಾರ್ಮೋನಿಯಾ ಸಮೀಕ್ಷೆಗೆ ಮನೆಮನೆಯವರು ತಮ್ಮ ಕಿಟಕಿಯ ಹುಳುವಿನ ಚಿತ್ರ, ದಿನಾಂಕ, ಊರು ಕಳಿಸುತ್ತಾ ಬಂದಿದ್ದಾರೆ. ಅದು ಯಾವ ವರ್ಷ ಯಾವ ಕೌಂಟಿ ದಾಟಿತು ಎಂಬ ನಕಾಶೆ ಸಿದ್ಧವಾದದ್ದು ಬಹುಮಟ್ಟಿಗೆ ಆ ಮಾಹಿತಿಯಿಂದ.